ಲಂಡನ್ನಿನ ಕಛೇರಿಯಲ್ಲಿ ಮಾವಳ್ಳಿಯ ಅತ್ತೆ

ನನ್ನ ಅತ್ತೆಯಷ್ಟು ಹಾಡು ಬಲ್ಲವರು ಕಡಲ ತಡಿಯ ನಮ್ಮ ಮಾವಳ್ಳಿಯಿಂದ ಲಂಡನ್ನಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಹಾಡಿ ಎಂದರೆ ಅವರಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಳ್ಳುವವರೂ ಸಿಗಲಿಕ್ಕಿಲ್ಲ! ಅತ್ತೆ ಎಂದಕೂಡಲೇ ಗಂಡನ ತಾಯಿಯ ಮೇಲೆ ಚಾಡಿ ಹೇಳಲು ಹೊರಟಿದ್ದೇನೆಂದು ಖುಷಿಪಡಬೇಡಿ. ಇವರು ಅಪ್ಪನ ಅಕ್ಕ. ಅವರ ಮನೆಯಲ್ಲಿದ್ದುಕೊಂಡೇ ನಾನು ಶಾಲೆ ಕಲಿತದ್ದು. ಈಗ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಹೋದ ವರ್ಷ ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಬಂದವರು ಅತ್ತೆಯೇ. ಅಮ್ಮನಿಗೆ ಕುಮಟೆಯ ಬಸ್ಸಿನಲ್ಲೇ ತಲೆ ಸುತ್ತುತ್ತದೆ, ಇನ್ನು ವಿಮಾನ ಹತ್ತಿಸುವವರು ಯಾರು?

ಅತ್ತೆ ಹಾಡದಿರುವುದಕ್ಕೆ ಕಾರಣವಿತ್ತು. ನಮ್ಮಲ್ಲಿ ಗದ್ದೆ ನೆಡುವಾಗಿನ ನೆಟ್ಟಿಯ ಹಾಡಾಗಲಿ, ಮದುವೆಯ ಹಾಡಾಗಲಿ, ತೊಟ್ಟಿಲ ಹಾಡಾಗಲಿ, ಒಬ್ಬರೇ ಹಾಡುವ ಕ್ರಮವಿಲ್ಲ. ಒಬ್ಬರು ಸೊಲ್ಲು ಎತ್ತಬೇಕು, ಇನ್ನೊಬ್ಬರು ಅದೇ ಸೊಲ್ಲನ್ನು ತಿರುಗಿ ಹಾಡಬೇಕು. ಆಗಲೇ ಹಾಡು ಮುಂದೆ ಹೋಗುವುದು. ಎತ್ತುವವರು ಅತ್ತೆ; ತಿರುಗಿ ಹಾಡುವವರು ಬೇಲಿಯಾಚೆಯ ದೇವಿ ಚಿಕ್ಕಿ. ಈ ಜೋಡಿಯಿಲ್ಲದೆ ನಮ್ಮ ಕಡೆ ಯಾವ ಮದುಮಗಳೂ ಹಸೆಮಣೆ ಏರುತ್ತಿರಲಿಲ್ಲ. ಹೀಗಿರುವಾಗ, ಆರು ವರ್ಷದ ಹಿಂದೆ ಹೊನ್ನಾವರದ ಒಂದು ಮದುವೆಗೆ ಅತ್ತೆ ಹೋಗುವುದು ತಡವಾಯಿತು. ಚಪ್ಪರದೊಳಗೆ ಕಾಲಿಟ್ಟು ನೋಡಿದರೆ ದೇವಿ ಚಿಕ್ಕಿ ಯಾರೋ ಗುರುತಿಲ್ಲದ ಹೆಂಗಸು ಎತ್ತಿದ ಸೊಲ್ಲಿಗೆ ದನಿ ಕೊಡುತ್ತಿದ್ದಾರೆ! ಅಷ್ಟೇ ಸಾಕಾಯಿತು. ಅತ್ತೆ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದರು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ, ಹಾಡೂ ಇಲ್ಲ.

ಲಂಡನ್ನಿಗೆ ಬಂದ ಮೇಲಾದರೂ ಸಿಟ್ಟು ಇಳಿದೀತೆಂದುಕೊಂಡೆ. ಮಗು ಕಿರುಚುತ್ತಿತ್ತು.

"ಅತ್ತೆ, ಒಂದು ಹಾಡು ಹೇಳಿ."

"ಹೇಳೂಕೆ ಅಡ್ಡಿಲ್ಲ. ತಿರ್ಗಿ ಹೇಳೂರು ಯಾರು?"

ನನ್ನವರು ಗಂಟಲು ಸರಿಮಾಡಿಕೊಂಡು ಉತ್ಸಾಹದಿಂದ ಮುಂದೆ ಬಂದರು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಅವ್ರಿಗೆ ಬಟ್ಟೆ ಒಣಗ್ಸೂಕೆ ಹೇಳು ತಂಗಿ" ಎಂದರು. ನಮ್ಮ ಕಡೆ ಚಿಕ್ಕವಳೆಂದರೆ ಎಲ್ಲರಿಗೂ ತಂಗಿಯೇ. ನಾನೇ ದನಿಗೂಡಿಸಲು ಹೋದರೆ ಎರಡನೆಯ ಸಾಲಿಗೇ ಪದ ಮರೆತುಹೋಯಿತು. ಕೊನೆಗೆ ಅಂಗಡಿಯಿಂದ ಕೀಲಿ ಕೊಟ್ಟರೆ ಹಾಡುವ ಆನೆಯೊಂದನ್ನು ತಂದು ತೊಟ್ಟಿಲಿಗೆ ಕಟ್ಟಿದೆವು. ಮಗು ಅದಕ್ಕೇ ಮಲಗುತ್ತಿತ್ತು, ಸುಳ್ಳೇಕೆ ಹೇಳಲಿ? ಹಾಡು ಬೇಕಾಗಿದ್ದದ್ದು ನನಗೆ. ಚಿಕ್ಕಂದಿನಲ್ಲಿ ಒಂದು ದನಿ ಎತ್ತಿದ ಸೊಲ್ಲನ್ನು ಇನ್ನೊಂದು ದನಿ ಹಿಡಿದುಕೊಳ್ಳುವಷ್ಟರಲ್ಲಿ ನಿದ್ದೆಗೆ ಜಾರುತ್ತಿದ್ದವಳು ನಾನು. ಆ ಎರಡು ದನಿಗಳನ್ನು ಒಟ್ಟಿಗೆ ಇನ್ನೊಮ್ಮೆ ಕೇಳಬೇಕೆಂದು ಜೀವ ಒದ್ದಾಡುತ್ತಿತ್ತು.

ಸೆಪ್ಟೆಂಬರಿನಲ್ಲಿ ವಾರ್ಡಿನ ಗೆಳತಿಯೊಬ್ಬಳು ಎರಡು ಟಿಕೆಟು ಕೊಟ್ಟಳು. ಬೇಸಗೆಯಿಡೀ ನಡೆಯುವ ಸಂಗೀತ ಕಛೇರಿಗಳ ಕೊನೆಯ ದಿನದ್ದು. ರೈಲಿನಲ್ಲಿ ಪಕ್ಕದವರ ಮುಖವನ್ನೂ ನೋಡದ ಇಂಗ್ಲಿಷ್ ಜನ ಅಂದು ಮಾತ್ರ ಬಾವುಟ ಬೀಸಿ, ಪೀಪಿ ಊದಿ, ಗಂಟಲು ಹರಿಯುವಂತೆ ದೇಶದ ಹಾಡು ಹಾಡುತ್ತಾರೆ. ಮಗುವನ್ನು ನನ್ನವರಿಗೊಪ್ಪಿಸಿ ಹೊರಟೆವು. ಬಾಣಂತಿಯ ಕಿವಿಗೆ ಗಾಳಿ ತಾಗಬಾರದಲ್ಲ? ಅತ್ತೆ ನನ್ನ ತಲೆಗೆ ಉಣ್ಣೆಯ ಶಾಲು ಬಿಗಿದೇ ಬಿಟ್ಟರು. ಕಿವಿ ಮುಚ್ಚಿಕೊಂಡು ಸಂಗೀತ ಕೇಳಲು ಹೋದ ಮೊದಲ ಹೆಂಗಸು ನಾನೇ ಇರಬೇಕು!

ಒಳಗೆ ಹೋದರೆ ಎಲ್ಲರ ಕೈಯಲ್ಲೂ ಬಾವುಟ. ಅವರದೇ ದೇಶದ್ದೂ ಇತ್ತು, ಊರೂರಿನಿಂದ ಬಂದವರದ್ದೂ ಇತ್ತು. "ನಾವೊಬ್ರೇ ಬರಿಗೈಲಿ ಕೂತ್ರೆ ಎಂತ ಚೆಂದ?" ಎಂದು ಅತ್ತೆ ಚೀಲಕ್ಕೆ ಕೈಹಾಕಿದರು. ಯಾರಾದರೂ ಮುತ್ತೈದೆ ಸಿಕ್ಕರೆ ಕೊಡಲಿಕ್ಕೆಂದು ಊರಿನಿಂದ ತಂದಿದ್ದ ಹಳದಿ ರವಿಕೆ ಕಣ ಹೊರಬಂತು. ಅದನ್ನೇ ಬಿಡಿಸಿ ಬೀಸತೊಡಗಿದರು. ಪಕ್ಕದ ಕುರ್ಚಿಯ ಮುದುಕ ಕುತೂಹಲದಿಂದ ಕೇಳಿದ, "ಇದು ಯಾವ ದೇಶದ ಬಾವುಟ?"

"ಮಾವಳ್ಳಿ" ಎಂದೆ.

"ಓ, ತುಂಬ ಸುಂದರ ದೇಶವಂತೆ!" ಎಂದು ಆತ ತಲೆಯಾಡಿಸಿದ.

ಒಂದು ನಾವಿಕರ ಕುಣಿತದ ರಾಗ ಶುರುವಾಯಿತು. ಕೆಳಗೆ ನಿಂತಿದ್ದ ಜನವೆಲ್ಲ ಮಂಡಿ ಬಗ್ಗಿಸಿ ಮೇಲೆ ಕೆಳಗೆ ಜಿಗಿಯತೊಡಗಿದರು. ಅತ್ತೆ ನನ್ನ ತೋಳು ಹಿಡಿದುಕೊಂಡರು. "ಇಷ್ಟು ಜನಕ್ಕೂ ಒಟ್ಟಿಗೇ ಮೈಮೇಲೆ ಬಂತಾ? ಪ್ರಸಾದ ಕೊಡೂರು ಯಾರು?" ಮುಂದಿನ ಹಾಡಿನ ಅರ್ಥ ಕೇಳಿದರು. ಸಮುದ್ರವೆಲ್ಲ ತಮ್ಮ ಕೈಯಲ್ಲಿದೆ ಎಂದು ಹಾಡುತ್ತಿದ್ದಾರೆ ಎಂದೆ.

"ನಮ್ಮ ಮಾವಳ್ಳಿದೂ ಸೇರಿ?"

"ಅದೂ ಸೇರಿ."

"ಆತು, ಇಟ್ಕಳ್ಲಿ. ಬಲೆ ಎಳೂಕೆ ಒಬ್ರೂ ಬಂದದ್ದು ಕಾಣ್ಲಿಲ್ಲ!"

ಆಮೇಲೆ ಮಿನುಗುವ ಉಡುಪಿನ ಗಾಯಕಿಯೊಬ್ಬಳು ಬಂದಳು. ಸಭೆ ನಿಶ್ಶಬ್ದವಾಯಿತು. ಅವಳು ಒಬ್ಬಳೇ ಒಂದು ಸಾಲು ಹಾಡಿ, ದನಿಯನ್ನು ಎತ್ತರಕ್ಕೆ ಒಯ್ದು, ನಿಲ್ಲಿಸಿದಳು. ವಾದ್ಯಗಳೂ ನಿಂತವು. ಮುಂದಿನ ಸಾಲಿಗೆ ಆಕೆ ಉಸಿರು ತೆಗೆದುಕೊಳ್ಳುತ್ತಿದ್ದಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು, ನಮ್ಮ ಅತ್ತೆಯೊಬ್ಬರನ್ನು ಬಿಟ್ಟು! ಪಾಪದ ಹೆಣ್ಣು ಸೊಲ್ಲು ಎತ್ತಿ ನಿಂತಿದ್ದಾಳೆ, ಇಷ್ಟು ಜನರಲ್ಲಿ ಒಬ್ಬರೂ ತಿರುಗಿ ಹಾಡುತ್ತಿಲ್ಲ! ಅತ್ತೆ ಕುರ್ಚಿಯ ತುದಿಗೆ ಜರುಗಿದ್ದನ್ನು ಕಂಡೆ. ತಡೆಯುವುದರೊಳಗೆ ಆಗಿಹೋಯಿತು. ಆರು ವರ್ಷ ಮುಚ್ಚಿದ್ದ ಬಾಯಿ ತೆರೆಯಿತು. ರಾಗ ಹೆಚ್ಚುಕಡಿಮೆ ಆ ಗಾಯಕಿಯದು, ಪದ ನಮ್ಮ ನೆಟ್ಟಿಯ ಹಾಡಿನದು, ದನಿ ಮೂರು ಗದ್ದೆಯಾಚೆಗೆ ಕೇಳುವಂಥದು. ಮೇಲಿನ ಮಹಡಿ ಇಡೀ ನಮ್ಮತ್ತ ತಿರುಗಿತು. ನಾನು ಶಾಲನ್ನು ಕಿವಿಯಿಂದ ಕಣ್ಣಿಗೆಳೆದುಕೊಂಡೆ. ಕೆಳಗೆ ಗಾಯಕಿ ತಲೆಯೆತ್ತಿ ನೋಡಿ ನಕ್ಕಳು, ಮುದುಕ ಚಪ್ಪಾಳೆ ಹೊಡೆದ, ಅದೇ ಹೊತ್ತಿಗೆ ಪಲ್ಲವಿ ಬಂದು ಸಭೆಯೆಲ್ಲ ಎದ್ದು ಹಾಡತೊಡಗಿತು. "ಕಂಡ್ಯಾ? ನಾ ಸುರು ಮಾಡದಿದ್ರೆ ಎಲ್ರೂ ಸುಮ್ನೆ ಕೂತೇ ಇರ್ತಿದ್ರು" ಎಂದರು ಅತ್ತೆ.

ವಾಪಸು ಬರುವಾಗ ರೈಲಿನಲ್ಲಿ ನಾನು ನಗುತ್ತಲೇ ಇದ್ದೆ. ಅತ್ತೆ ನಗಲಿಲ್ಲ. ರವಿಕೆ ಕಣವನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಕುಳಿತಿದ್ದರು.

"ತಂಗಿ, ಆ ಹೆಣ್ಣು ಯಾರು ಅಂತ ನಂಗೆ ಗೊತ್ತಿತ್ತಾ?"

"ಇಲ್ಲ."

"ಮತ್ತೆ ನಾ ಎಂತಕ್ಕೆ ದನಿ ಕೊಟ್ಟೆ?"

ನಾನು ಕಿವಿಯ ಮೇಲಿನ ಶಾಲು ಸರಿಸಿದೆ.

"ಸೊಲ್ಲು ಎತ್ತಿ ಒಬ್ಳು ಕಾಯ್ತಾ ನಿಂತ್ರೆ ಸುಮ್ನಿರೂಕೆ ಆಗೂದಿಲ್ಲ ತಂಗಿ. ಅವ್ಳಿಗೂ ಹಾಂಗೇ ಆಗಿರ್ಬೇಕು. ಅವತ್ತು ತಡ ಮಾಡಿದ್ದು ನಾನು."

ಅವಳೆಂದರೆ ಯಾರೆಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಗಂಜಿ ಕುಡಿದ ಮೇಲೆ ಅತ್ತೆ ನನ್ನ ಫೋನು ತಂದು ಎದುರಿಗೆ ಹಿಡಿದರು. ಊರಿನಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. ದೇವಿ ಚಿಕ್ಕಿಯ ಸೊಸೆಯ ನಂಬರು ಹಚ್ಚಿದೆ. ಚಿಕ್ಕಿಯನ್ನು ಕರೆಯಲು ಹೇಳಿ, ಫೋನನ್ನು ಮೇಜಿನ ಮೇಲಿಟ್ಟು ದನಿ ದೊಡ್ಡದು ಮಾಡಿದೆ. "ಯಾರದು?" ಎಂದರು ಚಿಕ್ಕಿ. ಅತ್ತೆ ಹೆಸರು ಹೇಳಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ತೊಟ್ಟಿಲ ಹಾಡಿನ ಮೊದಲ ಸೊಲ್ಲು ಎತ್ತಿದರು. ಮುಗಿಸಿ, ಸುಮ್ಮನೆ ಕುಳಿತರು.

ಆಚೆಯಿಂದ ಏನೂ ಇಲ್ಲ. ಲೈನು ಕಟ್ಟಾಯಿತೆಂದುಕೊಂಡೆ. ಅತ್ತೆ ಫೋನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ದನಿ ಇಳ್ದು ಹೋಯ್ತಲ್ಲೇ ನಿಂದು" ಎಂದರು ದೇವಿ ಚಿಕ್ಕಿ. "ಅಲ್ಲಿ ಊಟ ಸಮಾ ಸಿಕ್ತಿಲ್ವಾ?"

ಅಷ್ಟು ಹೇಳಿ, ಅತ್ತೆ ಬಿಟ್ಟಲ್ಲಿಂದ ಹಿಡಿದುಕೊಂಡರು. ಅಷ್ಟು ದೂರದಿಂದ ಬರುವ ದನಿ ಪ್ರತಿ ಸಲವೂ ಒಂದು ಗಳಿಗೆ ತಡವಾಗಿ ತಲುಪುತ್ತಿತ್ತು. ನಾನು ಅಡಿಗೆಮನೆಯ ಬಾಗಿಲಿಗೆ ಒರಗಿ ಅಳುತ್ತ ಕೇಳಿಸಿಕೊಂಡೆ. ಅತ್ತೆ ಅವಸರ ಮಾಡಲಿಲ್ಲ. ಒಂದೊಂದು ಸೊಲ್ಲು ಎತ್ತಿ, ಅದು ತಿರುಗಿ ಬರುವವರೆಗೂ ಕಾದರು.