ಪೂರ್ತಿ ಓದಿದವರು ಒಬ್ಬರು

ಪಾಠ ಹೇಳುವವರು ಓದಲು ಕೂತರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ನಮ್ಮ ಕಾಲೇಜಿನಲ್ಲಂತೂ ಅದಕ್ಕೆ ಬರವಿಲ್ಲ. ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಿಂದ ದಿನಾ ಬಸ್ಸು ಹಿಡಿದು ಹರಿಹರಕ್ಕೆ ಹೋಗಿ ಅರ್ಥಶಾಸ್ತ್ರ ಪಾಠ ಮಾಡುವವಳು. ಹಿಂದಿನ ಸಲ ಬಡ್ತಿ ಸಂದರ್ಶನದಲ್ಲಿ "ಇತ್ತೀಚೆಗೆ ಯಾವ ಜರ್ನಲ್ ಲೇಖನ ಓದಿದ್ದೀರಿ?" ಎಂದು ಕೇಳಿದಾಗ ಬೆಬ್ಬೆಬ್ಬೆ ಎಂದು ಎದ್ದು ಬಂದಿದ್ದೆ. ಈ ಸಲವೂ ಹಾಗಾದರೆ, ನನ್ನ ಹತ್ತಿರವೇ ಕಲಿತು ಈಗ ನಮ್ಮ ವಿಭಾಗದಲ್ಲೇ ಪಾಠ ಮಾಡುವ ಶಿಷ್ಯೆ ಬಡ್ತಿ ಪಡೆದು ನನಗಿಂತ ಮೇಲೆ ಕೂರುತ್ತಿದ್ದಳು. ಒಳ್ಳೆಯ ಹುಡುಗಿಯೇ, ಆದರೂ ಹೊಟ್ಟೆ ಉರಿಯುತ್ತಿತ್ತು.

೧. ಲಗ್ನಪತ್ರಿಕೆ

ಸಂತೆಯ ಚೌಕಾಸಿ ಬಗ್ಗೆ ಒಂದು ಲೇಖನ ಆರಿಸಿಕೊಂಡು, ಹೇಗೆ ಓದಬೇಕೆಂದು ನಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಿದೆ.

"ಹಿಂದಿಂದ ಓದ್ಬೇಕ್ರಿ ಮೇಡಂ," ಎಂದು ಕೊನೆಯ ಪುಟದ ಆಕರಗಳ ಪಟ್ಟಿಯ ಮೇಲೆ ಬೆರಳಿಟ್ಟು ಇಳಿಯತೊಡಗಿದರು. ಲಗ್ನಪತ್ರಿಕೆ ಬಂದಾಗ ಸುಖಾಗಮನ ಬಯಸುವವರಲ್ಲಿ ನಮ್ಮ ಹೆಸರಿದೆಯೇ ಎಂದು ಹುಡುಕುತ್ತೇವಲ್ಲ, ಹಾಗೆ. ಅವರ ಹೆಸರಿರಲಿಲ್ಲ. ಮಡಚಿ ಕೊಟ್ಟರು.

"ಏನೈತೆ ಸರ್ ಇದ್ರಾಗೆ?"

"ಏನೂ ಇಲ್ರಿ. ಟೈಮ್ ವೇಸ್ಟ್ ಮಾಡ್ಕಬ್ಯಾಡ್ರಿ."

೨. ಓದಿಲ್ಲ ಎನ್ನುವವರಿಲ್ಲ

ನಮ್ಮ ಸ್ಟಾಫ್ ರೂಮಿನಲ್ಲಿ "ಓದಿಲ್ಲ" ಎಂಬ ಮಾತೇ ಇಲ್ಲ. ಅದೇ ಲೇಖನ ಓದಿದ್ದೀರಾ ಎಂದು ಕೇಳಿದರೆ ಇತಿಹಾಸದವರು "ಕಣ್ಣಾಡಿಸೀನಿ" ಎಂದರು. ಕಾಮರ್ಸಿನವರು "ತಿರುವಿ ಹಾಕೀನಿ" ಎಂದರು. ನಮ್ಮ ಗ್ರಂಥಪಾಲಕರು ಮಾತ್ರ ಪ್ರಾಮಾಣಿಕರು.

"ಪ್ರಿಂಟ್ ತೆಗೆದುಕೊಟ್ಟಿದ್ದೇ ನಾನಲ್ರಿ? ಬಿಸಿಬಿಸಿ ಇತ್ತು, ಅಷ್ಟು ಗೊತ್ತು."

೩. ಯಾರ ಮಗನೋ

ಕಡೆಗೆ ಬಸ್ಸಿನಲ್ಲೇ ಓದಲು ಹಿಡಿದೆ, ಕೈಯಲ್ಲಿ ಕೆಂಪು ಪೆನ್ನು. ಒಪ್ಪಿದ ಕಡೆ ಗೆರೆ, ಅನುಮಾನ ಬಂದ ಕಡೆ ಇನ್ನೂ ದಪ್ಪ ಗೆರೆ. ಪಕ್ಕದಲ್ಲಿ, ಹರಿಹರದಲ್ಲಿ ಬಸ್ಸು ಬದಲಿಸಿ ಭಾನುವಳ್ಳಿಗೆ ಹೋಗುವ ಅಜ್ಜಿಯೊಬ್ಬರು ಚೀಲ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತಿನಿಂದ ನೋಡುತ್ತಿದ್ದರು.

"ಟೀಚರೇನವ್ವಾ?"

"ಹೌದಜ್ಜಿ."

"ಪುಟದ ತುಂಬಾ ಕೆಂಪು ಮಾಡೀಯಲ್ಲ, ಅಷ್ಟು ತಪ್ಪು ಬರದಾನೇನು?"

ಇದು ಪರೀಕ್ಷೆ ಪೇಪರಲ್ಲ, ದೊಡ್ಡ ವಿದ್ವಾಂಸರು ಬರೆದದ್ದು ಎಂದು ವಿವರಿಸುವಷ್ಟರಲ್ಲಿ ಹರಿಹರ ಬಂತು. ಅಜ್ಜಿ ಇಳಿಯುವಾಗ ನನ್ನ ಕೈ ಹಿಡಿದು ಮೆತ್ತಗೆ ಹೇಳಿದರು:

"ಪಾಸ್ ಮಾಡಿಬಿಡವ್ವ. ಯಾರ ಮಗನೋ ಏನೋ."

೪. ಸಂದರ್ಶನ

ನಿಜ ಹೇಳುತ್ತೇನೆ, ಓದುತ್ತಾ ಓದುತ್ತಾ ಆ ಲೇಖನದ ರುಚಿ ನನಗೆ ಹತ್ತಿಬಿಟ್ಟಿತು. ವರ್ಷಗಟ್ಟಲೆ ಒಂದೇ ನೋಟ್ಸ್ ಹೇಳುತ್ತಿದ್ದವಳು ತರಗತಿಯಲ್ಲಿ ಹುಡುಗರ ಜೊತೆ ವಾದಕ್ಕಿಳಿದೆ. ಹಾಗಾಗಿ ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂದಾಗ ಹೆದರಲಿಲ್ಲ. ಹೊರಗಿನಿಂದ ಬಂದಿದ್ದ ತಜ್ಞರಿಗೆ ಲೇಖನದ ಹೆಸರು ಹೇಳಿ, ಉತ್ಸಾಹದಲ್ಲಿ ಮುಂದುವರಿಸಿದೆ.

"ಚೆನ್ನಾಗಿದೆ ಸರ್. ಆದರೆ ಮಾತಾಡಿಸಿರೋದು ಮಾರೋರನ್ನ ಮಾತ್ರ. ಕೊನೆಗೆ ಕೊಳ್ಳೋರ ಮನಸ್ಸು ಹೀಗೆ ಅಂತ ತೀರ್ಮಾನ ಕೊಟ್ಟಿದಾರೆ. ಅದು ಸರಿಯಲ್ಲ."

ಪ್ರಿನ್ಸಿಪಾಲರು ಕೆಮ್ಮತೊಡಗಿದರು. ತಜ್ಞರು ಕನ್ನಡಕ ತೆಗೆದರು.

"ಅದನ್ನ ಬರ್ದೋನು ನಾನೇ ರೀ."

ಲೇಖಕರ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಮುಗಿಯಿತು ಕಥೆ, ಇನ್ನು ಶಿಷ್ಯೆಗೇ ನಮಸ್ಕಾರ ಹೊಡೆಯಬೇಕು ಎಂದುಕೊಂಡೆ.

"ಆ ತೀರ್ಮಾನ ಕಡೇ ಪುಟದಾಗೆ ಐತೆ. ಅಲ್ಲೀತನಕ ಓದಿದ್ರಾ?"

"ಹೂಂ ಸರ್... ಎರಡು ಸಲ."

ತಜ್ಞರು ಎದ್ದೇ ನಿಂತರು. "ನೋಡ್ರಿ, ಕಡೀಗೂ ಒಬ್ರು ಸಿಕ್ರು!" ಎಂದು ಸಮಿತಿಯವರಿಗೆಲ್ಲ ನನ್ನನ್ನು ತೋರಿಸಿದರು. "ಇವರಿಗೆ ಇನ್ನೇನೂ ಕೇಳಬ್ಯಾಡ್ರಿ, ಬರ್ಕಳ್ರಿ, ಬಡ್ತಿ!" ಅಷ್ಟಕ್ಕೇ ಬಿಡದೆ, ಫೋನ್ ತೆಗೆದು ಸ್ಪೀಕರಿಗೆ ಹಾಕಿ ಮನೆಗೆ ಹಚ್ಚಿದರು.

"ಏ ಇವಳೇ, ನನ್ನ ಸಂತೆ ಲೇಖನ ಇಲ್ಲಿ ಮೇಡಮ್ಮೊಬ್ರು ಪೂರ್ತಿ ಓದ್ಯಾರೆ! ಅದೂ ಎರಡು ಸಲ!"

ಆ ಕಡೆಯಿಂದ ಕುಕ್ಕರ್ ಕೂಗಿತು. ಆಮೇಲೆ ಹೆಂಗಸಿನ ದನಿ ಕನಿಕರದಿಂದ ಕೇಳಿತು:

"ಅಯ್ಯೋ ಪಾಪ, ಮೊದಲ್ನೇ ಸಲಕ್ಕೆ ಅವರಿಗೂ ಅರ್ಥ ಆಗ್ಲಿಲ್ವಂತಾ?"