ಅಳಿಸಲಾಗದ ಡಿಸ್ಕು

ನಾನು ಮರೆಯುವ ಮನುಷ್ಯನಲ್ಲ. ಹೆಮ್ಮೆಯಿಂದ ಹೇಳುತ್ತಿರುವ ಮಾತಲ್ಲ ಇದು. ವೈದ್ಯರ ಮುಂದೆ ನನ್ನಾಕೆ ಇದನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ನಂತರ ಮೂರನೆಯದಾಗಿ ಹೇಳುತ್ತಾಳೆ. ಚಿಕ್ಕಪ್ಪನ ಮಗ ನಂಜೇಗೌಡ ತನ್ನ ತಂಗಿಯ ಮದುವೆಯಲ್ಲಿ ನನ್ನನ್ನು ಮೊದಲ ಪಂಕ್ತಿಗೆ ಕರೆಯಲಿಲ್ಲವೆಂಬುದನ್ನು ಇಪ್ಪತ್ತೆರಡು ವರ್ಷಗಳಿಂದ ಸುಸ್ಥಿತಿಯಲ್ಲಿ ಕಾಪಾಡಿಕೊಂಡು ಬಂದಿದ್ದೇನೆ. ನಮ್ಮ ಕಡೆ ಹಿರಿಯರು ತಾವಾಗಿ ಊಟಕ್ಕೆ ಏಳುವುದಿಲ್ಲ. ಮನೆಯವರು ಬಂದು ಕೈಹಿಡಿದು ಎಬ್ಬಿಸಬೇಕು. ಯಾರೂ ಎಬ್ಬಿಸಲಿಲ್ಲ, ನಾನು ಏಳಲಿಲ್ಲ. ಕನಕಪುರದ ಆ ಛತ್ರದಿಂದ ಹಸಿದ ಹೊಟ್ಟೆಯಲ್ಲೇ ಮಾಗಡಿಗೆ ಮರಳಿದೆ. ಅಂದಿನಿಂದ ಎರಡು ಮನೆಗಳ ನಡುವೆ ಹೋಗುಬರುವುದು ನಿಂತಿತು.

ಈಗ ನಂಜೇಗೌಡನ ಮಗಳ ಮದುವೆ. ಲಗ್ನಪತ್ರಿಕೆ ಹಿಡಿದು ಬಂದವನಿಗೆ, ಹಿರಿಯರೆದುರು ತಪ್ಪೊಪ್ಪಿಕೊಂಡರೆ ಮಾತ್ರ ಬರುತ್ತೇನೆ ಎಂದೆ. "ಕರ್ದಿದ್ದೆ ಕಣಣ್ಣ" ಎಂದನವನು. ಜೊತೆಯಲ್ಲಿದ್ದ ನಮ್ಮ ಭಾವ, ಅಂದಿನ ವಿಡಿಯೋ ಕ್ಯಾಸೆಟ್ಟನ್ನು ಡಿಸ್ಕಿಗೆ ಹಾಕಿಸಿ ತಂದರೆ ಭಾನುವಾರ ತಮ್ಮ ಮನೆಯಲ್ಲೇ ಎಲ್ಲರೂ ಕುಳಿತು ನೋಡಿ ತೀರ್ಮಾನಿಸೋಣ ಎಂದರು. ಸಾಕ್ಷ್ಯವೆಂದರೆ ನನಗೆ ಹಬ್ಬ. ಮರುದಿನವೇ ಚನ್ನಪಟ್ಟಣಕ್ಕೆ ಹೋಗಿ, ಅಂದಿನ ಮದುಮಗಳಿಂದ ಕ್ಯಾಸೆಟ್ಟನ್ನು ಪಡೆದು, ಮಾಗಡಿ ಪೇಟೆಯ ಸ್ಟುಡಿಯೋದ ಪುಟ್ಟರಾಜುವಿಗೆ ಒಪ್ಪಿಸಿದೆ. ಆಮೇಲೆ ತಿಳಿಯಿತು: ಅವನ ಹೆಂಡತಿಯ ತವರು ದೊಡ್ಡಆಲಹಳ್ಳಿ. ನಂಜೇಗೌಡನ ಊರೂ ಅದೇ.

ಹೀಗಾಗಿ ಡಿಸ್ಕು ಬರೆಯುವಾಗ ಅವನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತೆ. ಮುಕ್ಕಾಲು ಪಾಲು ಆಗಿತ್ತು, ಕರೆಂಟು ಹೋಯಿತು. ಹೋಗುವುದಕ್ಕೆ ಅದಕ್ಕೆ ಬೇರೆ ಗಳಿಗೆ ಸಿಗಲಿಲ್ಲವೇ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಕರೆಂಟು ಬಂದ ಮೇಲೆ ಪುಟ್ಟರಾಜು ಕೆಟ್ಟ ಡಿಸ್ಕನ್ನೇ ಮತ್ತೆ ಯಂತ್ರದೊಳಕ್ಕೆ ತಳ್ಳಿದ. ಇದೇನೆಂದು ಕೇಳಿದೆ.

"ಇದು ಅಳ್ಸಿ ಬರ್ಯೋ ಡಿಸ್ಕು ಮೇಷ್ಟ್ರೇ. ಒಸಿ ತಡೀರಿ, ಒರಸ್ಬುಟ್ಟು ಇನ್ನೊಂದ್ಸಲ ಬರೀತೀನಿ."

ಒರೆಸುವುದು ಎಂಬ ಮಾತು ಕೇಳಿದರೆ ನನಗಾಗದು. ನಾಲ್ಕನೇ ತರಗತಿಯಲ್ಲಿ ನನ್ನ ಸ್ಲೇಟಿನ ಮೇಲಿದ್ದ ಸರಿಯಾದ ಲೆಕ್ಕವನ್ನು ಪಕ್ಕದವನು ಮೊಣಕೈಯಿಂದ ಒರೆಸಿ ನನಗೆ ಬೆತ್ತದೇಟು ಕೊಡಿಸಿದ್ದ. ಅವನೀಗ ಮೊಮ್ಮಕ್ಕಳೊಂದಿಗನಾಗಿರುವುದರಿಂದ ಹೆಸರು ಬರೆಯುವುದಿಲ್ಲ. ಇಂದು ಪುಟ್ಟರಾಜು ಒರೆಸಬಹುದಾದದ್ದನ್ನು ನಾಳೆ ನಂಜೇಗೌಡ ಒರೆಸಲಾರನೇ? ಯಾರಿಂದಲೂ ಅಳಿಸಲಾಗದ ಡಿಸ್ಕು ಇದ್ದರೆ ಅದನ್ನೇ ಹಾಕು ಎಂದೆ.

"ಅದೂ ಐತೆ. ಆದ್ರೆ ಅದು ಸುಟ್ಟ ಮಡಕೆ ಇದ್ದಂಗೆ, ತಿರ್ಗ ಮಣ್ಣಾಗಕಿಲ್ಲ. ಯೋಚ್ನೆ ಮಾಡ್ಕಳಿ" ಎಂದ. ಆ ಮಾತಿನಲ್ಲೂ ನನಗೆ ದೊಡ್ಡಆಲಹಳ್ಳಿಯ ಹಿತಾಸಕ್ತಿಯೇ ಕಂಡಿತು. ಸಾಕ್ಷ್ಯ ಹಾಗೆಯೇ ಇರಬೇಕೆಂದು ಗದರಿದೆ.

ಬರೆದು ಮುಗಿಸಿದ ಪುಟ್ಟರಾಜು, ಸರಿಯಾಗಿದೆಯೇ ನೋಡೋಣವೆಂದು ಹಾಕಿದ. ನಾನು ಕನ್ನಡಕ ಒರೆಸಿಕೊಂಡೆ. ಪರದೆಯ ಮೇಲೆ, ಛತ್ರದ ಕಂಬದ ಪಕ್ಕ ಶಾಲು ಹೊದ್ದು ನಾನೇ ಕುಳಿತಿದ್ದೆ. ನಂಜೇಗೌಡ ಬಂದು ಕೈಹಿಡಿದ, ಕೊಡವಿದೆ. ಹೆಂಡತಿಯನ್ನೂ ಕರೆತಂದ, ಕಂಬದ ಕಡೆ ಮುಖ ತಿರುಗಿಸಿದೆ. ಮೂರನೆಯ ಸಲ ಬಾಗಿ ಕೈಮುಗಿದ. ಹಪ್ಪಳಕ್ಕೆ ಬಂದ ಕಾಗೆಯನ್ನು ಓಡಿಸುವಂತೆ ಕೈಬೀಸಿದೆ. ಅಂದು ಏಕೆ ಏಳಲಿಲ್ಲವೆಂಬುದು ಈಗ ನೆನಪಾಯಿತು. ಆ ಮದುವೆಯ ಲಗ್ನಪತ್ರಿಕೆಯಲ್ಲಿ ನನ್ನ ಹೆಸರು ಅವನ ಭಾವಮೈದುನನ ಹೆಸರಿನ ಕೆಳಗೆ ಅಚ್ಚಾಗಿತ್ತು. ಅಷ್ಟು ದೊಡ್ಡ ಅವಮಾನವನ್ನು ನಾನು ಹೇಗೆ ಮರೆತೆನೋ!

ಸ್ವಲ್ಪ ಹೊತ್ತು ಬಿಟ್ಟು, ಇದನ್ನು ಅಳಿಸಲು ಯಾವ ಉಪಾಯವೂ ಇಲ್ಲವೇ ಎಂದು ಮೆಲ್ಲಗೆ ವಿಚಾರಿಸಿದೆ.

"ನೀವೇ ಅಲ್ವಾ ಮೇಷ್ಟ್ರೇ, ಅಳ್ಸೋದು ಬ್ಯಾಡ ಅಂದಿದ್ದು?"

ಭಾವನಿಗೆ ಫೋನು ಮಾಡಿ, ಬರೆಯುವಾಗ ಕರೆಂಟು ಹೋಗಿ ಡಿಸ್ಕು ಕೆಟ್ಟಿತೆಂದು ತಿಳಿಸಿದೆ. ಇದು ಸುಳ್ಳಲ್ಲ, ಮೊದಲನೆಯ ಡಿಸ್ಕಿನ ವಿಷಯ, ಅಷ್ಟೆ. ಸಂಜೆ ನಂಜೇಗೌಡನೇ ಫೋನು ಮಾಡಿದ. "ಓಗ್ಲಿ ಬುಡಣ್ಣ, ಅಳೇ ಮಾತ್ಯಾಕೆ? ಈ ಸಲಾನೂ ನಾನೇ ಬಂದು ಕೈ ಹಿಡೀತೀನಿ, ನೀನು ಎದ್ಬುಡು, ಸಾಕು."

ಸಾಕ್ಷ್ಯ ಕೆಟ್ಟರೂ ಅವನು ಇಷ್ಟು ಸಲೀಸಾಗಿ ಮಾತಾಡಿದ್ದೇಕೆ? 'ಈ ಸಲಾನೂ' ಎಂದನಲ್ಲ, ಪುಟ್ಟರಾಜು ಹೆಂಡತಿಯ ತವರಿಗೇನಾದರೂ ಇನ್ನೊಂದು ಪ್ರತಿ ಬರೆದುಕೊಟ್ಟನೇ? ಮದುವೆಗೆ ಹೋಗುವುದೆಂದು ನಿಶ್ಚಯಿಸಿದ್ದೇನೆ. ಕರೆದ ಮೊದಲ ಸಲಕ್ಕೇ ಏಳುತ್ತೇನೆ. ಅಲ್ಲಿಯೂ ವಿಡಿಯೋ ತೆಗೆಯುವವನೊಬ್ಬ ಇದ್ದೇ ಇರುತ್ತಾನೆ.