ಅಗ್ಗದ ವೈರು ಮತ್ತು ಎಡಗಿವಿ

ಕನ್ನಡಕ ಮೇಷ್ಟ್ರ ಹೆಡ್‌ಫೋನಿನ ವೈರು ಸತ್ತದ್ದು ಕುರ್ಚಿಯ ಚಕ್ರದಡಿ ಸಿಕ್ಕಿ. ಕುರ್ಚಿಯ ಮೇಲೆ ಕೂತಿದ್ದವರು ಮೇಷ್ಟ್ರೇ, ಅದನ್ನು ಹಿಂದಕ್ಕೆ ತಳ್ಳಿದವರೂ ಮೇಷ್ಟ್ರೇ. ಆದರೂ ತಪ್ಪು ಹೆಂಡತಿಯದೇ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ನೀನು ಆ ಹೊತ್ತಿಗೇ ಕರೆದೆ ನೋಡು. ಅದಕ್ಕೇ ನಾನು ತಿರುಗಿದ್ದು."

"ನಾನು ಕರೆದದ್ದು ನಿಮಗೆ ಕೇಳಿಸ್ತಾ?" ಎಂದಳು ಹೆಂಡತಿ. "ಅಬ್ಬಾ! ಐದನೇ ಸಲಕ್ಕಾದ್ರೂ ಕೇಳಿಸ್ತಲ್ಲ."

ಅವರು ಪಾಠ ಹೇಳುವ ಮೇಷ್ಟ್ರಲ್ಲ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು. ಗೋಡೆಯ ಮೇಲಿನ ಅಕ್ಷರ ಓದಿಸುವ ಹೊತ್ತಿನಲ್ಲೇ ಗಿರಾಕಿಗೆ ನಾಲ್ಕು ಬುದ್ಧಿಮಾತು ಹೇಳದಿದ್ದರೆ ಅವರಿಗೆ ಮಧ್ಯಾಹ್ನದ ಊಟ ಸೇರುವುದಿಲ್ಲ. "ಅಗ್ಗದ ಫ್ರೇಮು ಕೊಂಡವನು ಎರಡು ಸಲ ಕೊಳ್ತಾನೆ, ಒಂದು ಸಲ ಅಳ್ತಾನೆ" ಎಂಬುದು ಅವರೇ ಕಟ್ಟಿದ ಮಾತು. (ಎರಡು ಸಲ ಕೊಂಡರೆ ಅಂಗಡಿಗೇ ಲಾಭವಲ್ಲವೇ ಎಂದು ಅಂಗಡಿಯ ಮಾಲೀಕರು ಒಮ್ಮೆ ಕೇಳಿದ್ದುಂಟು.) ಇದರಿಂದಾಗಿ ಇಡೀ ಬೀದಿ ಅವರನ್ನು ಕನ್ನಡಕ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಬೀದಿಗೆ ಅವಳು ಟೈಲರಮ್ಮ.

ಸಂಜೆ ಅಂಗಡಿಯಿಂದ ಬಂದು, ಕೈಕಾಲು ತೊಳೆದು, ಕಿಟಕಿಯ ಪಕ್ಕದ ಚಿಕ್ಕ ರೂಮಿನಲ್ಲಿ ಕೂತು, ಆ ದಪ್ಪ ಹೆಡ್‌ಫೋನನ್ನು ಕಿವಿಗೇರಿಸಿಕೊಂಡರೆಂದರೆ ಮೇಷ್ಟ್ರಿಗೂ ಈ ಲೋಕಕ್ಕೂ ಸಂಬಂಧ ಮುಗಿಯಿತು. ಹೊಲಿಗೆ ಯಂತ್ರ, ಕುಕ್ಕರು, ಮೇಲಿನ ಮನೆಯವರು ಸದಾ ಎಳೆದಾಡುವ ಮಂಚ, ಎಲ್ಲವೂ ಮಾಯ. ನಡುವೆ ಹೆಂಡತಿಯ ತುಟಿ ಅಲ್ಲಾಡುವುದು ಕಂಡರೆ "ಹೂಂ" ಎನ್ನುತ್ತಿದ್ದರು. ಸಂಸಾರ ಸುಗಮವಾಗಿ ಸಾಗುತ್ತಿರುವುದೇ ಈ ಹೂಂಕಾರದಿಂದ ಎಂದು ಅವರು ನಂಬಿದ್ದರು.

ಈಗ ವೈರಿಲ್ಲ. ಕಂಪನಿಯ ವೈರಿನ ಬೆಲೆ ಫೋನಿನಲ್ಲಿ ಹುಡುಕಿದರು. ಹೆಡ್‌ಫೋನಿನ ಬೆಲೆಯಲ್ಲಿ ಮೂರನೇ ಒಂದು ಭಾಗ! ಅದರ ಕೆಳಗೇ, ನಾಲ್ಕು ಲೋಟ ಕಾಫಿಯ ಬೆಲೆಗೆ, ಅದೇ ಉದ್ದದ, ಅದೇ ಪಿನ್ನಿನ, ನೋಡಲು ಇನ್ನೂ ಚೆಂದದ ಒಂದು ವೈರು ಹಾವಿನಂತೆ ಸುರುಳಿ ಸುತ್ತಿ ಮಲಗಿತ್ತು. ಅದರ ವರ್ಣನೆಯನ್ನು ಯಾವುದೋ ಯಂತ್ರ ಕನ್ನಡಕ್ಕೆ ತಂದಿತ್ತು: "ಈ ಹಗ್ಗವು ನಿಮ್ಮ ಕುತ್ತಿಗೆಗೆ ಹೇಳಿ ಮಾಡಿಸಿದಂತಿದೆ. ಒಮ್ಮೆ ಬಳಸಿದವರು ಮತ್ತೆ ಬೇರೇನನ್ನೂ ಕೇಳುವುದಿಲ್ಲ." ಕೊಂಡವರ ಅಭಿಪ್ರಾಯಗಳೂ ಉತ್ತೇಜನಕಾರಿಯಾಗಿದ್ದವು. ಒಬ್ಬ ಪುಣ್ಯಾತ್ಮ ಐದಕ್ಕೆ ಐದು ನಕ್ಷತ್ರ ಕೊಟ್ಟು, "ಇನ್ನೂ ಡಬ್ಬಿ ಬಿಚ್ಚಿಲ್ಲ, ಡಬ್ಬಿ ಚೆನ್ನಾಗಿದೆ" ಎಂದು ಬರೆದಿದ್ದ.

"ಅಂಗಡೀಲಿ ಜನಕ್ಕೆ ಏನೇನೋ ಹೇಳ್ತೀರಲ್ಲ, ಅಗ್ಗದ್ದು ಕೊಂಡವನು ಅಳ್ತಾನೆ ಅಂತ?" ಎಂದು ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು.

"ಅದು ಕಣ್ಣಿನ ವಿಷಯ ಕಣೇ. ಇದು ಕಿವಿ. ಕಣ್ಣಿಗೂ ಕಿವಿಗೂ ನಾಲ್ಕು ಬೆರಳು ಅಂತರ ಇದೆ."

"ನನ್ನ ತಮ್ಮನಿಗೆ ಕೊಡಿ, ಹಳೇ ವೈರಿಗೇ ಬೆಸುಗೆ ಹಾಕಿ ಕೊಡ್ತಾನೆ."

ಮೇಷ್ಟ್ರ ಮುಖ ಗಂಟಿಕ್ಕಿತು. ಭಾವಮೈದುನ ಎಲೆಕ್ಟ್ರಿಷಿಯನ್. ಜನ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡಂತೆ ಅವನು ಟೆಸ್ಟರು ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಏನು ಕೆಟ್ಟರೂ ಬಂದು, ರಿಪೇರಿ ಮಾಡಿ, ಕಾಸು ಬೇಡವೆಂದು ಹೇಳಿ, ಹೋಗುವಾಗ "ಇಷ್ಟೇ ಕೆಲಸ ಭಾವ, ನೀವೇ ಮಾಡಬಹುದಿತ್ತು" ಎನ್ನುತ್ತಿದ್ದ. ಆ ಕೊನೆಯ ಮಾತಿಗಿಂತ ಹಣವೇ ಅಗ್ಗ ಎಂದು ಮೇಷ್ಟ್ರು ಗುಂಡಿ ಒತ್ತಿಬಿಟ್ಟರು.

ವೈರು ಮೂರನೇ ದಿನ ಬಂತು. ನೂಲಿನ ಹೆಣಿಗೆಯ ಹೊದಿಕೆ, ತುದಿಗೆ ಬಂಗಾರದ ಬಣ್ಣದ ಪಿನ್ನು. ಮೇಷ್ಟ್ರು ಹೆಂಡತಿಯ ಎದುರೇ ಸಿಕ್ಕಿಸಿ, ಹೆಡ್‌ಫೋನು ಹಾಕಿಕೊಂಡು, ಹಾಡು ಹಚ್ಚಿ, ಕಣ್ಣು ಮುಚ್ಚಿದರು. ಬಲಗಿವಿಯಲ್ಲಿ ಪಿಟೀಲು ಕೇಳಿಸಿತು. ಎಡಗಿವಿಯಲ್ಲಿ ಕುಕ್ಕರು ಕೇಳಿಸಿತು. ಪಿನ್ನು ತಿರುಗಿಸಿದರು. ಒತ್ತಿದರು. ಎಳೆದರು. ಊದಿದರು. ಪಿಟೀಲಿನವನು ಒಬ್ಬನೇ ನಿಷ್ಠೆಯಿಂದ ಬಾರಿಸುತ್ತಿದ್ದ. ಹಾಡುವಾಕೆ ಎಡಗಡೆ ಎಲ್ಲೋ ಇದ್ದವಳು ಪತ್ತೆಯೇ ಇಲ್ಲ.

"ಹೇಗಿದೆ?"

"ಅದ್ಭುತ!" ಎಂದರು ಮೇಷ್ಟ್ರು. ಮತ್ತೇನು ಹೇಳಿಯಾರು? "ಹಳೇದಕ್ಕಿಂತ ಸ್ಪಷ್ಟ. ಒಂದೊಂದು ವಾದ್ಯನೂ ಬಿಡಿಬಿಡಿಯಾಗಿ ಕೇಳ್ತಿದೆ."

ಇದೇನೂ ಸುಳ್ಳಲ್ಲವಲ್ಲ.

ವಾಪಸು ಕಳಿಸಬಹುದಿತ್ತು. ಆದರೆ ಕಳಿಸುವುದು ಗೊತ್ತಾದರೆ ಹೆಂಡತಿ ತಮ್ಮನಿಗೆ ಹೇಳುತ್ತಾಳೆ, ಅವನು ಟೆಸ್ಟರಿನ ಸಮೇತ ಹಾಜರಾಗುತ್ತಾನೆ. ಹಾಗಾಗಿ ಮೇಷ್ಟ್ರು ಅರ್ಧ ಸಂಗೀತದಲ್ಲೇ ಪೂರ್ತಿ ತಲೆದೂಗುತ್ತ ಸಂಜೆ ಕಳೆಯತೊಡಗಿದರು. ಮುಚ್ಚಿದ ಎಡಗಿವಿಯಲ್ಲಿ ಹಾಡಿನ ಗದ್ದಲವಿಲ್ಲದ್ದರಿಂದ ಮನೆಯ ಸದ್ದೆಲ್ಲ ಯಾವ ತಡೆಯೂ ಇಲ್ಲದೆ ಒಳಗೆ ಬರುತ್ತಿತ್ತು.

ಎರಡನೇ ಸಂಜೆ ಹೆಂಡತಿ, ಅಭ್ಯಾಸದಂತೆ ಉತ್ತರದ ಆಸೆ ಇಟ್ಟುಕೊಳ್ಳದೆ, ತನ್ನಷ್ಟಕ್ಕೆ ಗೊಣಗಿದಳು: "ಈ ಕೋಟಿಗೆ ಕಪ್ಪು ಗುಂಡಿ ಹಾಕಲೋ, ಕಂದು ಹಾಕಲೋ..."

"ಕಂದು ಹಾಕು," ಎಂದರು ಮೇಷ್ಟ್ರು. "ಬಟ್ಟೆ ಬೂದು ಬಣ್ಣದ್ದಲ್ವಾ? ಕಪ್ಪು ಹಾಕಿದ್ರೆ ವಕೀಲರ ಕೋಟಿನ ಥರ ಕಾಣುತ್ತೆ."

ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಬಾಗಿಲಲ್ಲಿ ಬಂದು ನಿಂತು, ಬೇರೆ ಯಾರಾದರೂ ಒಳಗೆ ಇದ್ದಾರೆಯೇ ಎಂದು ರೂಮನ್ನೆಲ್ಲ ನೋಡಿದಳು.

"ಕೇಳಿಸ್ತಾ ನಿಮಗೆ?"

ಮೇಷ್ಟ್ರಿಗೆ ಎಚ್ಚರವಾಯಿತು. "ಹೊಸ ವೈರು ನೋಡು," ಎಂದರು ಗಂಭೀರವಾಗಿ. "ಹಾಡೂ ಕೇಳುತ್ತೆ, ಮಾತೂ ಕೇಳುತ್ತೆ. ಈಗಿನ ತಂತ್ರಜ್ಞಾನ."

ಮರುದಿನದಿಂದ ಹೆಂಡತಿ ಕೈಹೊಲಿಗೆಯ ಕೆಲಸವನ್ನೆಲ್ಲ ತೆಗೆದುಕೊಂಡು, ಒಂದು ಸ್ಟೂಲು ತಂದು, ಅವರ ಎಡಗಡೆಗೆ ಹಾಕಿಕೊಂಡು ಕೂರತೊಡಗಿದಳು. ಅಲ್ಲಿ ಬೆಳಕು ಚೆನ್ನಾಗಿದೆಯಂತೆ. ಮಾತು ಶುರುವಾಯಿತು. ಹತ್ತೊಂಬತ್ತು ವರ್ಷಗಳಲ್ಲಿ ಬಾಕಿ ಉಳಿದಿದ್ದ ಮಾತು! ಗಿರಾಕಿಯೊಬ್ಬಳು ಅಳತೆ ಕೊಡುವಾಗ ಉಸಿರು ಬಿಗಿಹಿಡಿದು, ಬಟ್ಟೆ ತೊಡುವಾಗ ಬಿಡುತ್ತಾಳಂತೆ. ಇನ್ನೊಬ್ಬಾಕೆ ಗಂಡನ ಹಳೇ ಪ್ಯಾಂಟು ತಂದು ಎರಡು ಚೀಲ ಮಾಡಿಕೊಡಿ ಎಂದಳಂತೆ. ಪ್ಯಾಂಟಿನ ಜೇಬಿನಲ್ಲಿ ಗಂಡನೇ ಹುಡುಕುತ್ತಿದ್ದ ಬೀಗದ ಕೈ ಇತ್ತಂತೆ. ಮೇಷ್ಟ್ರು ಒಂದೆರಡು ಸಲ ನಕ್ಕೂಬಿಟ್ಟರು. ನಗುವಾಗ ಬಲಗಿವಿಯಲ್ಲಿ ಪಿಟೀಲು ಶೋಕರಾಗ ನುಡಿಸುತ್ತಿತ್ತು.

ಐದನೇ ಸಂಜೆ ಬಂದ ಮಾತಿಗೆ ಮಾತ್ರ ನಗು ಬರಲಿಲ್ಲ.

"ಹಾಗಾದ್ರೆ ಒಂದನೇ ತಾರೀಖಿಂದ ಈ ರೂಮಲ್ಲೇ ಶುರು ಮಾಡ್ತೀನಿ. ಆರು ಜನ ಸೇರಿದ್ದಾರೆ."

"ಎಲ್ಲಿಗೆ ಸೇರಿದ್ದಾರೆ?"

"ಹೊಲಿಗೆ ಕ್ಲಾಸಿಗೆ ರೀ. ಸಂಜೆ ಆರರಿಂದ ಎಂಟು. ನೀವೇ ಒಪ್ಪಿದ್ರಲ್ಲ?"

"ನಾನಾ? ಯಾವಾಗ?"

"ಎರಡು ಸಲ. ಹೋದ ತಿಂಗಳು, ಹಳೇ ವೈರಿದ್ದಾಗ, ಒಂದ್ಸಲ ಹೂಂ ಅಂದ್ರಿ. ಆಮೇಲೆ, ನಿಜವಾಗ್ಲೂ ಪರವಾಗಿಲ್ವಾ, ನಿಮ್ಮ ಕುರ್ಚಿ ಮುಂದಿನ ಹಾಲಿಗೆ ಹೋಗುತ್ತೆ ಅಂತ ಕೇಳಿದೆ. ಆಗ ತಲೆನೂ ಆಡಿಸಿದ್ರಿ. ನನಗಂತೂ ಕಣ್ಣಲ್ಲಿ ನೀರೇ ಬಂತು." ಅವಳ ದನಿ ಸಣ್ಣದಾಯಿತು. "ಇವರು ಒಪ್ಪಲ್ಲ ಅಂತ ಎರಡು ವರ್ಷ ಕೇಳೋದಕ್ಕೇ ಹೆದರಿದ್ದೆ."

ಮೇಷ್ಟ್ರು ಲೆಕ್ಕ ಹಾಕಿದರು. ನನಗೆ ಕೇಳಿಸಿರಲಿಲ್ಲ ಎಂದರೆ ಇಷ್ಟು ವರ್ಷದ ಹೂಂಕಾರಗಳೆಲ್ಲ ಒಂದೇ ಸಲಕ್ಕೆ ಬೋಗಸ್ಸು ಎಂದಾಗುತ್ತದೆ. ಕೇಳಿಸಿತ್ತು ಎಂದರೆ ರೂಮು ಹೋಗುತ್ತದೆ. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ಅವಳು ಸೂಜಿ ಹಿಡಿದ ಕೈಯನ್ನು ಮಡಿಲಲ್ಲಿಟ್ಟು ಅವರನ್ನೇ ನೋಡುತ್ತಿದ್ದಳು.

"ಗೋಡೆಗೊಂದು ದೊಡ್ಡ ಕನ್ನಡಿ ಬೇಕಾಗುತ್ತೆ," ಎಂದರು ಕೊನೆಗೆ. "ಅಂಗಡೀಲಿ ಹಳೇದೊಂದಿದೆ. ಕೇಳಿ ನೋಡ್ತೀನಿ."

ಅಂದಿನಿಂದ ಹೆಂಡತಿ ಆ ವೈರನ್ನು ಹೊಗಳಿದ್ದೇ ಹೊಗಳಿದ್ದು. ತಮ್ಮನಿಗೆ ಫೋನಿನಲ್ಲಿ, "ಅಗ್ಗದ್ದು ಅಂತ ನಾನೇ ಆಡಿಕೊಂಡಿದ್ದೆ ಕಣೋ, ನಮ್ಮ ಮನೆಗೆ ಇಂಥ ವಸ್ತು ಇದುವರೆಗೂ ಬಂದಿಲ್ಲ" ಎಂದದ್ದು ಮೇಷ್ಟ್ರ ಎಡಗಿವಿಗೆ ಚೆನ್ನಾಗಿ ಕೇಳಿಸಿತು. ಬದುಕಿನಲ್ಲಿ ಮೊದಲ ಸಲ ತಾವು ಮಾಡಿದ ವ್ಯಾಪಾರವೊಂದಕ್ಕೆ ಮನೆಯಲ್ಲಿ ಶಹಬಾಸ್‌ಗಿರಿ ಸಿಕ್ಕಿತ್ತು; ಅದನ್ನು ಅನುಭವಿಸುವ ಯೋಗ ಮಾತ್ರ ಇರಲಿಲ್ಲ. ಹಾಡುವಾಕೆಯ ದನಿ ಕೇಳದೆ ಅವರ ಜೀವ ಒಣಗಿತ್ತು. ರೂಮು ಹೋದರೆ ಹೋಗಲಿ, ಹಾಲಿನಲ್ಲಾದರೂ ಎರಡು ಕಿವಿಯೂ ತುಂಬಲಿ ಎಂದು, ಅಂಗಡಿಯ ಕತ್ತಲೆ ಕೋಣೆಯಲ್ಲಿ ಗಿರಾಕಿಯೊಬ್ಬರು ಅಕ್ಷರ ಓದುತ್ತಿದ್ದಾಗಲೇ, ಮೇಜಿನ ಕೆಳಗೆ ಫೋನು ಹಿಡಿದು ಕಂಪನಿಯ ದುಬಾರಿ ವೈರಿಗೆ ಗುಪ್ತವಾಗಿ ಆರ್ಡರು ಕೊಟ್ಟರು. ಆತುರದಲ್ಲಿ ವಿಳಾಸ ಬದಲಾಯಿಸುವುದು ಮರೆತುಹೋಯಿತು.

"ಇವತ್ತು ನಿಮಗೊಂದು ಪಾರ್ಸಲ್ ಬಂದಿತ್ತು," ಎಂದಳು ಹೆಂಡತಿ ಶುಕ್ರವಾರ.

ಮೇಷ್ಟ್ರು ಮೇಜಿನ ಮೇಲೆಲ್ಲ ಕಣ್ಣಾಡಿಸಿದರು. "ಎಲ್ಲಿದೆ?"

"ಬಿಚ್ಚಿ ನೋಡಿದೆ, ವೈರು. ಬೆಲೆ ನೋಡಿ ತಲೆ ತಿರುಗ್ತು. ಪಾಪ, ಕೈ ತಪ್ಪಿ ಒತ್ತಿದ್ದೀರಿ ಅಂತ ವಾಪಸು ಕಳಿಸಿಬಿಟ್ಟೆ. ಅಗ್ಗದ್ದೇ ಇಷ್ಟು ಚೆನ್ನಾಗಿರೋವಾಗ ಅದ್ಯಾಕೆ? ಇನ್ನೊಂದು ವಿಷಯ. ಈ ಮಾಲು ಆಮೇಲೆ ಸಿಗುತ್ತೋ ಇಲ್ವೋ ಅಂತ ಅಗ್ಗದ್ದೇ ಒಂದು ಡಜನ್‌ಗೆ ಆರ್ಡರು ಕೊಟ್ಟಿದ್ದೀನಿ."

ಹನ್ನೆರಡು ವೈರುಗಳು ಮಾರನೆಯ ದಿನ ಬಂದವು. ಹೆಂಡತಿ ತರಕಾರಿಗೆ ಹೋದ ಹೊತ್ತು ನೋಡಿಕೊಂಡು ಮೇಷ್ಟ್ರು ಒಂದೊಂದನ್ನೇ ಸಿಕ್ಕಿಸಿ ಪರೀಕ್ಷಿಸಿದರು. ಒಂದಾದರೂ ದಾರಿ ತಪ್ಪಿ ಒಳ್ಳೆಯದಿರಬಹುದೆಂಬ ಆಸೆ. ಒಂದು, ಪಿಟೀಲು. ಎರಡು, ಪಿಟೀಲು. ಹನ್ನೆರಡೂ ಪಿಟೀಲು. ಇಷ್ಟು ಕಟ್ಟುನಿಟ್ಟಾಗಿ ಒಂದೇ ತಪ್ಪನ್ನು ಮಾಡುವ ಕಾರ್ಖಾನೆಯ ಶಿಸ್ತಿಗೆ ಅವರು ಮನಸ್ಸಿನಲ್ಲೇ ಕೈಮುಗಿದರು.

ಭಾನುವಾರ ಭಾವಮೈದುನ ಬಂದ, ರೂಮಿನಲ್ಲಿ ಆರು ಯಂತ್ರಗಳಿಗೆ ಪ್ಲಗ್ಗು ಕೂರಿಸಲು. ಕೆಲಸದ ನಡುವೆ, ಅಕ್ಕ ಅಷ್ಟು ಹೊಗಳಿದ ವಸ್ತು ಹೇಗಿದೆ ನೋಡೋಣವೆಂದು ಹೆಡ್‌ಫೋನು ಕಿವಿಗಿಟ್ಟ. ಹುಬ್ಬು ಮೇಲೇರಿತು.

"ಭಾವ, ಇದರ ಎಡಗಡೆ ಸತ್ತಿದೆಯಲ್ಲ!"

ಮೇಷ್ಟ್ರಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ತೋರಿಸಿಕೊಳ್ಳದೆ, "ಹೌದಾ? ನಿನ್ನೆವರೆಗೂ ಸರಿಯಿತ್ತಲ್ಲ!" ಎಂದರು.

"ಪಿನ್ನಿನ ಒಳಗೆ ಬೆಸುಗೆ ಬಿಟ್ಟಿದೆ. ಎರಡು ನಿಮಿಷದ ಕೆಲಸ. ಕತ್ತರಿಸಿ ಹೊಸ ಪಿನ್ನು ಹಾಕಿಕೊಡ್ತೀನಿ." ಅವನು ಚೀಲಕ್ಕೆ ಕೈ ಹಾಕಿದ. ಇಷ್ಟೇ ಕೆಲಸ ಭಾವ ಎಂಬ ಮಾತನ್ನು ಹತ್ತು ಸಲ ಬೇಕಾದರೂ ಕೇಳಿಸಿಕೊಳ್ಳಲು ಮೇಷ್ಟ್ರು ಸಿದ್ಧರಾದರು.

"ಅದನ್ನ ಮುಟ್ಟಿದ್ಯೋ, ಮಧ್ಯಾಹ್ನ ಊಟ ಇಲ್ಲ ನೋಡು."

ಇಬ್ಬರೂ ತಿರುಗಿದರು. ಟೈಲರಮ್ಮ ಕತ್ತರಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಲ್ಲಕ್ಕಾ, ಎಡಗಡೆ ಕೇಳೋದೇ ಇಲ್ಲ..."

"ಗೊತ್ತು ಕಣೋ. ವೈರು ಬಂದ ಮೂರನೇ ದಿನವೇ ಧೂಳು ಒರೆಸೋವಾಗ ಕಿವಿಗಿಟ್ಟು ನೋಡಿದ್ದೀನಿ. ಡಜನ್ ತರಿಸೋವಾಗ ಅಂಗಡಿಯವರಿಗೆ, ಹೋದ ಸಲ ನೀವು ಕಳಿಸಿದ್ರಲ್ಲ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಅದೇ ಮಾಲು ಬೇಕು ಅಂತ ಬರೆದು ತರಿಸಿದ್ದೀನಿ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಇಷ್ಟು ದಿನ ಕಿವಿಗೆ ಹೂವಿಟ್ಟವರು ತಾವು ಎಂದುಕೊಂಡಿದ್ದರು. ತಡವಿ ನೋಡಿದರೆ ಹೂವು ತಮ್ಮ ಕಿವಿಯ ಮೇಲೇ ಇತ್ತು.

"ಬಲಗಡೆ ಹಾಡಿಗೆ, ಎಡಗಡೆ ನನಗೆ," ಎಂದಳು ಅವಳು. "ಇಷ್ಟು ವರ್ಷಕ್ಕೆ ಒಂದು ನ್ಯಾಯವಾದ ಪಾಲಾಗಿದೆ. ಅದನ್ನ ರಿಪೇರಿ ಮಾಡಿ ಹಾಳು ಮಾಡಬೇಡ."

ಭಾವಮೈದುನ ಬೆಸುಗೆಯ ಕಡ್ಡಿಯನ್ನು ಸದ್ದಿಲ್ಲದೆ ಚೀಲಕ್ಕೆ ಸೇರಿಸಿದ.

ಅಂದು ಸಂಜೆ ಹಾಲಿನ ಮೂಲೆಗೆ ಬಂದಿದ್ದ ಕುರ್ಚಿಯಲ್ಲಿ ಮೇಷ್ಟ್ರು ಕೂತರು. ಎಡಗಡೆ ಸ್ಟೂಲಿನಲ್ಲಿ ಹೆಂಡತಿ ಯಾವುದೋ ಅಂಗಿಗೆ ಕಾಜ ಹಾಕುತ್ತ, ಕ್ಲಾಸಿಗೆ ಸೇರಿದ ಆರು ಜನರಲ್ಲಿ ಮೊದಲನೆಯವಳ ಅತ್ತೆಯ ಸ್ವಭಾವವನ್ನು ವಿವರಿಸತೊಡಗಿದಳು. ಇನ್ನೂ ಐದು ಅತ್ತೆಯರು ಬಾಕಿಯಿದ್ದರು. ಆಗ ಮೇಷ್ಟ್ರಿಗೊಂದು ಮಹತ್ತರವಾದ ಉಪಾಯ ಹೊಳೆಯಿತು. ತಲೆ ಕೆರೆದುಕೊಳ್ಳುವವರಂತೆ ನಟಿಸಿ, ಹೆಡ್‌ಫೋನನ್ನು ತೆಗೆದು, ಹಿಂದುಮುಂದಾಗಿ ತಿರುಗಿಸಿ ಹಾಕಿಕೊಂಡರು. ಈಗ ಪಿಟೀಲು ಎಡಗಿವಿಗೆ ಬಂತು. ದನಿ ಜೋರು ಮಾಡಿದರು. ಹೆಂಡತಿಯ ತುಟಿ ಅಲ್ಲಾಡುವುದು ಮಾತ್ರ ಕಾಣಿಸಿತು. ಆಹಾ ಎಂದು ಕಣ್ಣು ಮುಚ್ಚಿದರು.

ಒಂದು ನಿಮಿಷ ಕಳೆದಿರಬೇಕು. ಟೈಲರಮ್ಮ ದಾರವನ್ನು ಹಲ್ಲಿನಿಂದ ಕಡಿದಳು, ಎದ್ದಳು, ಸ್ಟೂಲನ್ನು ಎತ್ತಿಕೊಂಡು ಕುರ್ಚಿಯ ಹಿಂದಿನಿಂದ ಸುತ್ತಿ ಬಂದು, ಅವರ ಬಲಗಡೆಗೆ ಹಾಕಿಕೊಂಡು ಕೂತಳು.

"ಎಲ್ಲಿಗೆ ನಿಲ್ಲಿಸಿದ್ದೆ?" ಎಂದಳು. "ಹಾಂ, ಎರಡನೆಯವಳ ಅತ್ತೆ."